ಮಲ್ಪೆ ಬಂದರಿನ ಪಕ್ಕದ ಐಸ್ ಪ್ಲಾಂಟಿಗೆ 60 ಕಿಲೋವ್ಯಾಟ್ ಸೋಲಾರ್: ಉಪ್ಪುಗಾಳಿ, ಅಮೋನಿಯಾ, ಹದ್ದುಗಳ ನಡುವೆ ಬಾಳುತ್ತದೆಯೇ?

ಮಲ್ಪೆ ಐಸ್ (ಪ್ರಶ್ನೆ)

ಧಕ್ಕೆಯಿಂದ (ಬೋಟು ನಿಲ್ಲುವ ಕಟ್ಟೆ) ಸುಮಾರು 300 ಮೀಟರ್ ದೂರದ ಐಸ್ ಪ್ಲಾಂಟ್. ದಿನಕ್ಕೆ 25 ಟನ್, 50 ಕೆ.ಜಿ. ಕ್ಯಾನುಗಳು, ಅಮೋನಿಯಾ ಕಂಪ್ರೆಸರ್, ಕ್ಯಾನುಗಳನ್ನು ಇಳಿಬಿಡುವ ಬ್ರೈನ್ (ತಣ್ಣನೆಯ ಉಪ್ಪುನೀರು) ಟ್ಯಾಂಕ್. ಎಲ್‌ಟಿ (ಕಡಿಮೆ ವೋಲ್ಟೇಜ್) ಸಂಪರ್ಕ, 130 ಎಚ್‌ಪಿ ಮಂಜೂರಾತಿ. ಕರೆಂಟ್ ಹೋದಾಗ 125 ಕೆವಿಎ ಜನರೇಟರ್ ಇದೆ. ಛಾವಣಿ ಅರ್ಧ ಆರ್‌ಸಿಸಿ ತಾರಸಿ, ಅರ್ಧ ಸಿಮೆಂಟ್ ಶೀಟು.

60 ಕಿಲೋವ್ಯಾಟ್ ಸೋಲಾರ್ ಹಾಕುವ ಯೋಚನೆ ಇದೆ. 545 ವ್ಯಾಟಿನ 110 ಪ್ಯಾನೆಲ್ ಅಂತ ಕೊಟೇಶನ್ ಬಂದಿದೆ. ಪ್ಯಾನೆಲ್ ಕೂರಿಸಲು ಒಬ್ಬರು ಜಿಐ (ಸತು ಲೇಪಿಸಿದ ಉಕ್ಕು) ಸ್ಟ್ರಕ್ಚರ್ ಹೇಳಿದ್ದಾರೆ, ಇನ್ನೊಬ್ಬರು ಅಲ್ಯೂಮಿನಿಯಂ. ದರದಲ್ಲಿ ಬಹಳ ವ್ಯತ್ಯಾಸ ಇದೆ. ಮೂರನೆಯವರು ಬ್ಯಾಟರಿ ಇಲ್ಲದೆ ಐಸ್ ಪ್ಲಾಂಟಿಗೆ ಸೋಲಾರ್ ಪ್ರಯೋಜನವಿಲ್ಲ ಅನ್ನುತ್ತಾರೆ. ಕಡಲ ಬದಿಯಲ್ಲಿ ಗಾಳಿ ಇಷ್ಟಿರುವಾಗ ಸಣ್ಣ ಗಾಳಿಯಂತ್ರ ಏಕೆ ಬೇಡ ಎಂಬ ಪ್ರಶ್ನೆಯೂ ಮನೆಯಲ್ಲಿದೆ. ಬಂದರಿನ ವಾತಾವರಣ ಬಲ್ಲವರು ದಯವಿಟ್ಟು ಹೇಳಿ.

ಕಂಪ್ರೆಸರ್ ಮನೆ (ಉತ್ತರ)

ಮೊದಲು ಲೆಕ್ಕ ಹಾಕೋಣ. ನಮ್ಮ ಸೆಕೆಯಲ್ಲಿ ಬ್ಲಾಕ್ ಐಸ್ ಟನ್ನಿಗೆ 55ರಿಂದ 70 ಯೂನಿಟ್ ತಿನ್ನುತ್ತದೆ. 65 ಎಂದು ಹಿಡಿದರೆ 25 ಟನ್ನಿಗೆ ದಿನಕ್ಕೆ 1,625 ಯೂನಿಟ್, 24 ಗಂಟೆಗೆ ಹಂಚಿದರೆ ಸರಾಸರಿ 68 ಕಿಲೋವ್ಯಾಟ್. 60 ಕಿಲೋವ್ಯಾಟ್ ಸೋಲಾರ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 240 ಯೂನಿಟ್ ಆಸುಪಾಸು ಕೊಡುತ್ತದೆ. ಅಂದರೆ ಬಳಕೆಯ ಏಳರಲ್ಲಿ ಒಂದು ಪಾಲು. ಬಿಲ್ಲು ಸೊನ್ನೆ ಆಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಆ ಮಾತನ್ನು ಬಿಟ್ಟುಬಿಡಿ. ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ಒಳ್ಳೆಯ ಬಿಸಿಲಿನ ಮಧ್ಯಾಹ್ನವೂ 60 ಕಿಲೋವ್ಯಾಟಿನ ಪ್ಯಾನೆಲಿಂದ ಬರುವುದು 45ರಿಂದ 48 ಕಿಲೋವ್ಯಾಟ್. ಪ್ಲಾಂಟ್ ಓಡುತ್ತಿರುವಷ್ಟು ದಿನ ಅಷ್ಟೂ ನಿಮ್ಮ ಕಂಪ್ರೆಸರಿನಲ್ಲೇ ಖರ್ಚಾಗುತ್ತದೆ, ಹೊರಗೆ ಹೋಗುವುದೇ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಐಸಿಗೆ ಗಿರಾಕಿ ಇಲ್ಲ. ಅದೇ ಹೊತ್ತಿಗೆ ಮೋಡ ಕವಿದು ಸೋಲಾರಿನ ಇಳುವರಿಯೂ ಅರ್ಧಕ್ಕೆ ಬಂದಿರುತ್ತದೆ, ಕಿಲೋವ್ಯಾಟಿಗೆ ದಿನಕ್ಕೆ ಎರಡು, ಎರಡೂವರೆ ಯೂನಿಟ್ ಅಷ್ಟೆ. ಹಾಗಾಗಿ ಉಳಿದ ಕರೆಂಟನ್ನು ಇಲ್ಲಿನ ವಿದ್ಯುತ್ ಕಂಪನಿ ಮೆಸ್ಕಾಂಗೆ ಕೊಡುವ ವ್ಯವಸ್ಥೆ ಸಿಗದಿದ್ದರೂ ವರ್ಷದ ಒಟ್ಟು ಇಳುವರಿಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ವ್ಯರ್ಥ. ಮೀನುಗಾರಿಕೆಯ ಋತುವೂ ಬಿಸಿಲಿನ ಋತುವೂ ಇಷ್ಟು ಹೊಂದಿಕೊಳ್ಳುವ ಉದ್ಯಮ ಕರಾವಳಿಯಲ್ಲಿ ಬೇರೆ ಕಡಿಮೆ.

ಬ್ಯಾಟರಿ ಬೇಡವೇ ಬೇಡ. ಆದರೆ 'ಬ್ರೈನ್ ಟ್ಯಾಂಕೇ ಬ್ಯಾಟರಿ' ಎಂದು ಕೆಲವರು ಹೇಳುವುದೂ ಪೂರ್ತಿ ಸರಿಯಲ್ಲ. 40 ಘನಮೀಟರ್ ಬ್ರೈನನ್ನು ಹಗಲಲ್ಲಿ 3 ಡಿಗ್ರಿ ಹೆಚ್ಚು ತಣ್ಣಗೆ ಮಾಡಿದರೆ ಉಳಿಯುವ ತಂಪು ಸುಮಾರು 130 ಯೂನಿಟ್ ಶಾಖದಷ್ಟು, ಕರೆಂಟಿನಲ್ಲಿ ಹೇಳಿದರೆ 45 ಯೂನಿಟ್. ಅದು ಒಂದು ಟನ್ ಐಸಿಗೂ ಸಾಲದು. ಮೇಲಾಗಿ ಬ್ರೈನ್ ಮೈನಸ್ 12, 13 ದಾಟಿದರೆ ಗಡ್ಡೆ ಬೇಗ ಹೆಪ್ಪುಗಟ್ಟಿ ಒಳಗೆ ಬಿರುಕು ಬಿಡುತ್ತದೆ. ಕ್ರಷರಿಗೆ ಹಾಕುವ ಮೊದಲೇ ಪುಡಿಯಾಗುವ ಐಸನ್ನು ಬೋಟಿನವರು ತಿರುಗಿ ಕಳಿಸುತ್ತಾರೆ. ನಿಜವಾದ ಬ್ಯಾಟರಿ ಅಂದರೆ ನಿಮ್ಮ ಐಸ್ ಸ್ಟೋರು. ಅಲ್ಲಿ 10 ಟನ್ ಹೆಚ್ಚು ಇಟ್ಟರೆ 650 ಯೂನಿಟ್ ಕರೆಂಟು ಕೂಡಿಟ್ಟ ಹಾಗೆ. ಬ್ಯಾಟರಿಗೆ ಹಾಕುವ ಹಣವನ್ನು ಸ್ಟೋರಿನ ಗೋಡೆಗೆ 100 ಮಿ.ಮೀ. ಪಫ್ ಪ್ಯಾನೆಲ್ (ಶಾಖ ತಡೆಯುವ ಫೋಮ್ ಹಲಗೆ), ಬಾಗಿಲಿಗೆ ಹೊಸ ಗ್ಯಾಸ್ಕೆಟ್ ಹಾಕಲು ಬಳಸಿ.

ಇನ್ನೊಂದು ಮಾತು, ಸೋಲಾರಿಗಿಂತ ಮೊದಲು ಮಾಡಬೇಕಾದ್ದು. ಕಂಪ್ರೆಸರಿನಿಂದ ಹೊರಬರುವ ಗ್ಯಾಸಿನ ಒತ್ತಡ ತೋರಿಸುವ ಡಿಸ್ಚಾರ್ಜ್ ಗೇಜಿನಲ್ಲಿ 14.5 ಬಾರ್ ಇದೆ ಅಂದರೆ ಅದು 40 ಡಿಗ್ರಿಯ ಅಮೋನಿಯಾದ ಒತ್ತಡ. ಅದೇ ಹೊತ್ತಲ್ಲಿ ಕಂಡೆನ್ಸರಿನಿಂದ (ಗ್ಯಾಸನ್ನು ತಣಿಸಿ ದ್ರವ ಮಾಡುವ ಭಾಗ) ರಿಸೀವರಿಗೆ (ಆ ದ್ರವದ ಟ್ಯಾಂಕ್) ಇಳಿಯುವ ಪೈಪಿಗೆ ಥರ್ಮಾಮೀಟರ್ ಕಟ್ಟಿ ನೋಡಿ. ಅಲ್ಲಿ 35 ತೋರಿಸಿದರೆ ಆ ವ್ಯತ್ಯಾಸದ ಬಹುಪಾಲು ಒಳಗೆ ಸಿಕ್ಕಿಕೊಂಡ ಗಾಳಿಯದ್ದು. ಗಾಳಿ ಪರ್ಜ್ ಮಾಡಬೇಕು (ಹೊರಬಿಡಬೇಕು), ಕಂಡೆನ್ಸರ್ ಕೊಳವೆಯ ಮೇಲಿನ ಸುಣ್ಣದ ಪದರ ತೆಗೆಯಬೇಕು. ಕಂಡೆನ್ಸಿಂಗ್ ತಾಪ ಒಂದು ಡಿಗ್ರಿ ಏರಿದರೆ ಕಂಪ್ರೆಸರ್ ನೂರಕ್ಕೆ 2ರಿಂದ 3ರಷ್ಟು ಹೆಚ್ಚು ಕರೆಂಟು ಎಳೆಯುತ್ತದೆ. 5 ಡಿಗ್ರಿ ಇಳಿಸಿದರೆ ದಿನಕ್ಕೆ 160 ಯೂನಿಟ್‌ಗೂ ಮೇಲೆ ಉಳಿತಾಯ. ನಿಮ್ಮ ಇಡೀ ಸೋಲಾರ್ ಕೊಡುವುದು 240.

ಉಪ್ಪುಗಾಳಿ (ಉತ್ತರ)

ಜಿಐ, ಅಲ್ಯೂಮಿನಿಯಂ ಎಂಬ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಜಿಐನಲ್ಲೇ ಎರಡು ಜಾತಿ ಇದೆ, ಮೋಸ ಆಗುವುದು ಅಲ್ಲೇ.

ಕಡಲಿನಿಂದ ಕೆಲವೇ ನೂರು ಮೀಟರ್ ಒಳಗಿನ ಜಾಗ ಐಎಸ್‌ಒ 9223 (ತುಕ್ಕಿನ ಅಂತರರಾಷ್ಟ್ರೀಯ ಮಾನದಂಡ) ಲೆಕ್ಕದಲ್ಲಿ ಸಿ5 ಎಂಬ ಅತಿ ತುಕ್ಕಿನ ವರ್ಗ. ಅಲ್ಲಿ ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸವೆಯುತ್ತದೆ. ಈಗ ಕೊಟೇಶನ್ನಿನಲ್ಲಿ '120 ಜಿಎಸ್‌ಎಂ ಜಿಐ' ಎಂದಿದ್ದರೆ ಅದು ಒಂದು ಚದರ ಮೀಟರ್ ತಗಡಿನ ಎರಡೂ ಮುಖಕ್ಕೆ ಸೇರಿ 120 ಗ್ರಾಂ ಸತು. ಒಂದು ಮುಖಕ್ಕೆ ಎಂಟೂವರೆ ಮೈಕ್ರಾನ್ ಅಷ್ಟೆ, ಎರಡು ಮಳೆಗಾಲ ಕಂಡರೆ ಹೆಚ್ಚು. 275 ಜಿಎಸ್‌ಎಂ ಆದರೂ ಮುಖಕ್ಕೆ 20 ಮೈಕ್ರಾನ್ ಒಳಗೆ, ಮೂರು ನಾಲ್ಕು ವರ್ಷದ ಮಾತು. ಕತ್ತರಿಸಿ, ತೂತು ಕೊರೆದು, ಎಲ್ಲ ಮುಗಿಸಿದ ಮೇಲೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಸ್ಟ್ರಕ್ಚರ್ ಬೇರೆಯೇ. ಭಾರತೀಯ ಮಾನದಂಡ ಐಎಸ್ 4759ರ ಪ್ರಕಾರ 5 ಮಿ.ಮೀ. ಮತ್ತು ಮೇಲಿನ ದಪ್ಪದ ಉಕ್ಕಿಗೆ ಚದರ ಮೀಟರಿಗೆ 610 ಗ್ರಾಂ, 2ರಿಂದ 5 ಮಿ.ಮೀ.ಗೆ 460 ಗ್ರಾಂ. ಇದು ಒಂದೇ ಮುಖದ ಲೆಕ್ಕ. 610 ಅಂದರೆ 85 ಮೈಕ್ರಾನ್, ಹತ್ತರಿಂದ ಇಪ್ಪತ್ತು ವರ್ಷ. ಎರಡಕ್ಕೂ 'ಜಿಎಸ್‌ಎಂ' ಎಂದೇ ಬರೆಯುವುದರಿಂದ ಕೊಳ್ಳುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಕೊಟೇಶನ್ನಿನಲ್ಲಿ ಮೈಕ್ರಾನ್ ಬರೆಸಿಕೊಳ್ಳಿ. ಮಾಲು ಲಾರಿಯಿಂದ ಇಳಿಯುವಾಗಲೇ ಲೇಪನ ಅಳೆಯುವ ಗೇಜು ಇಟ್ಟು, ಪ್ರತಿ ಕಂಬದ ಮೂರು ಕಡೆ ನೋಡಿ. ಸೈಟಿನಲ್ಲಿ ಹೊಸ ತೂತು ಕೊರೆದರೆ ಆ ಜಾಗದಲ್ಲಿ ಸತುವೇ ಇರುವುದಿಲ್ಲ. ಸತು ಹೆಚ್ಚಿರುವ ಕೋಲ್ಡ್ ಗ್ಯಾಲ್ವನೈಸಿಂಗ್ ಪೇಂಟ್ ಎರಡು ಕೋಟು ಕೂಡಲೇ ಬಳಿಯಬೇಕು.

ತಾರಸಿಯ ಮೇಲೆ ಕಂಬ, ತೊಲೆಗಳಿಗೆ 85 ಮೈಕ್ರಾನಿನ ಉಕ್ಕು, ಪ್ಯಾನೆಲ್ ಕೂರುವ ರೈಲು ಆನೊಡೈಸ್ ಆದ (ರಕ್ಷಣೆಯ ಪದರ ಕಟ್ಟಿಸಿದ) ಅಲ್ಯೂಮಿನಿಯಂ, ಇದೇ ನನ್ನ ಅಭಿಪ್ರಾಯದಲ್ಲಿ ಸರಿಯಾದ ಜೋಡಿ. ಪೂರ್ತಿ ಅಲ್ಯೂಮಿನಿಯಂ ಬೇಕಿಲ್ಲ.

ಬೋಲ್ಟಿನ ತಲೆಯನ್ನು ಕೈಯಲ್ಲಿ ಹಿಡಿದು ನೋಡಿ. 'ಎ2-70' ಎಂದು ಕೆತ್ತಿದ್ದರೆ 304 ಸ್ಟೀಲು, 'ಎ4-70' ಇದ್ದರೆ 316. ಬಂದರಿನಲ್ಲಿ 304 ಒಂದೇ ಬೇಸಿಗೆಯಲ್ಲಿ ಚಹಾದ ಬಣ್ಣಕ್ಕೆ ತಿರುಗಿ, ಆಮೇಲೆ ವಾಷರಿನ ಅಡಿಯಲ್ಲಿ ಸಣ್ಣ ಸಣ್ಣ ಗುಂಡಿ ಬೀಳುತ್ತದೆ. 316 ಕೇಳಿ. ಸ್ಟೇನ್‌ಲೆಸ್ ನಟ್ಟನ್ನು ಇಂಪ್ಯಾಕ್ಟ್ ಡ್ರೈವರಿನಲ್ಲಿ ಬಿಗಿದರೆ ಎಳೆ ಎಳೆಗೆ ಅಂಟಿಕೊಂಡು ಮುಂದೆ ಬಿಚ್ಚಲು ಬರುವುದಿಲ್ಲ. ಆ್ಯಂಟಿ-ಸೀಜ್ ಪೇಸ್ಟ್ ಸವರಿ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಯಲು ಹೇಳಿ. ಬರಿ ತಾಮ್ರದ ಅರ್ಥಿಂಗ್ ತಂತಿ ಅಲ್ಯೂಮಿನಿಯಂ ಫ್ರೇಮಿಗೆ ತಾಗಲೇಬಾರದು. ಉಪ್ಪು, ಮಂಜು ಸೇರಿದ ಕೂಡಲೇ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ತವರ ಲೇಪಿಸಿದ ಲಗ್ಗು (ತಂತಿ ತುದಿಯ ಕೊಂಡಿ), ನಡುವೆ ಸ್ಟೇನ್‌ಲೆಸ್ ವಾಷರ್ ಹಾಕಿಸಿ.

ಪ್ಯಾನೆಲಿಗೆ ಐಇಸಿ 61701 ಉಪ್ಪುಮಂಜಿನ ಪರೀಕ್ಷೆ, ಜೊತೆಗೆ ಐಇಸಿ 62716 ಅಮೋನಿಯಾ ಪರೀಕ್ಷೆ ಎರಡರ ಪ್ರಮಾಣಪತ್ರವನ್ನೂ ಕೇಳಿ. ಮೊದಲನೆಯದನ್ನು ಎಲ್ಲರೂ ಕೊಡುತ್ತಾರೆ. ಐಸ್ ಪ್ಲಾಂಟಿಗೆ ಎರಡನೆಯದೂ ಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಮಲ್ಪೆ ಐಸ್

ತುಂಬಾ ಉಪಕಾರ. 275 ಜಿಎಸ್‌ಎಂ ಎಂದೇ ಕೊಟೇಶನ್ನಿನಲ್ಲಿದೆ, ಈಗ ಅರ್ಥವಾಯಿತು. ಇನ್‌ವರ್ಟರನ್ನು (ಪ್ಯಾನೆಲಿನ ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆ) ಕಂಪ್ರೆಸರ್ ರೂಮಿನಲ್ಲೇ ಮೇನ್ ಪ್ಯಾನೆಲಿನ ಪಕ್ಕ ಹಾಕುವುದಾಗಿ ಹೇಳಿದ್ದಾರೆ, ಕೇಬಲ್ ಉಳಿಯುತ್ತದಂತೆ. ಸರಿಯೇ? ಜನರೇಟರ್ ಓಡುವಾಗ ಸೋಲಾರೂ ನಡೆಯುತ್ತದೆಯೇ?

ತಂತಿ ಲೆಕ್ಕ (ಉತ್ತರ)

ಇನ್‌ವರ್ಟರ್ ಕಂಪ್ರೆಸರ್ ರೂಮಿನಲ್ಲಿ ಬೇಡ, ಖಂಡಿತ ಬೇಡ. ತೇವ ಸೇರಿದ ಅಮೋನಿಯಾ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಕಂಪ್ರೆಸರಿನ ಗ್ಲ್ಯಾಂಡ್ ಪ್ಯಾಕಿಂಗಿನಿಂದ (ಶಾಫ್ಟ್ ಸೀಲು) ದಿನವೂ ಸ್ವಲ್ಪ ಸ್ವಲ್ಪ ಸೋರುವ ಗ್ಯಾಸು ಮೂಗಿಗೆ ಅಭ್ಯಾಸವಾಗಿರುತ್ತದೆ, ಸರ್ಕ್ಯೂಟ್ ಬೋರ್ಡಿಗೆ ಆಗುವುದಿಲ್ಲ. ಗೋಡೆಯಾಚೆ, ನೆರಳಿನಲ್ಲಿ, ಕಡಲಿಗೆ ಬೆನ್ನು ಹಾಕಿದ ಪೂರ್ವ ಬದಿಯಲ್ಲಿ ಹಾಕಿಸಿ. ನೀರು, ಧೂಳು ಒಳಹೋಗದ ಐಪಿ66 ಪೆಟ್ಟಿಗೆ ಇರಲಿ. ಹತ್ತು ಮೀಟರ್ ಕೇಬಲ್ ಹೆಚ್ಚಾದರೆ ಆಗಲಿ. ಸೇಫ್ಟಿ ವಾಲ್ವಿನ ವೆಂಟ್ ಪೈಪು ಛಾವಣಿಯಲ್ಲಿ ಎಲ್ಲಿ ತೆರೆಯುತ್ತದೆ ಎಂದು ಈಗಲೇ ನೋಡಿಕೊಳ್ಳಿ. ಅದರ ಸುತ್ತ 5, 6 ಮೀಟರ್ ಪ್ಯಾನೆಲ್ ಬೇಡ, ಅದರತ್ತ ಹೋಗುವ ದಾರಿಗೂ ಅಡ್ಡ ಬರಬಾರದು.

ಜನರೇಟರ್: ಕರೆಂಟು ಹೋದರೆ ಇನ್‌ವರ್ಟರ್ ತಾನಾಗಿ ನಿಲ್ಲುತ್ತದೆ, ಲೈನ್‌ಮ್ಯಾನ್ ಜೀವದ ದೃಷ್ಟಿಯಿಂದ ಅದು ಹಾಗೇ ಇರಬೇಕು. ಜನರೇಟರ್ ಶುರುವಾದರೆ ಅದನ್ನೇ ಗ್ರಿಡ್ ಎಂದುಕೊಂಡು ಮತ್ತೆ ಸೇರಿಕೊಳ್ಳುತ್ತದೆ, ತೊಂದರೆ ಅಲ್ಲಿದೆ. 125 ಕೆವಿಎ ಸೆಟ್ಟು ಅಂದರೆ 100 ಕಿಲೋವ್ಯಾಟ್, ಅದರ ಮೇಲೆ ಕನಿಷ್ಠ 30 ಕಿಲೋವ್ಯಾಟ್ ಲೋಡ್ ಇರಲೇಬೇಕು. ನಿಮ್ಮ ಲೋಡ್ 70 ಇದ್ದಾಗ ಸೋಲಾರ್ 40ಕ್ಕೆ ನಿಲ್ಲಬೇಕು. ಇಲ್ಲದಿದ್ದರೆ ಒಂದು ಮೋಟಾರು ಆಫ್ ಆದ ಕ್ಷಣ ಕರೆಂಟು ಜನರೇಟರಿಗೇ ತಿರುಗಿ ನುಗ್ಗುತ್ತದೆ. ಜನರೇಟರ್-ಸೋಲಾರ್ ಕಂಟ್ರೋಲರ್ ಹಾಕಿಸಿ, ಇಲ್ಲವೇ ಜನರೇಟರ್ ಇರುವಾಗ ಸೋಲಾರ್ ಬ್ರೇಕರ್ ಬೀಳುವಂತೆ ಇಂಟರ್‌ಲಾಕ್ ಮಾಡಿಸಿ. ಎರಡನೆಯದು ಅಗ್ಗ. ದಿನಕ್ಕೆ ಒಂದೆರಡು ಗಂಟೆಯಷ್ಟೇ ಕರೆಂಟು ಹೋಗುವಲ್ಲಿ ಅದೇ ಸಾಕು.

ಯಾರೂ ಮೊದಲೇ ಹೇಳದ ಸಂಗತಿ ಪವರ್ ಫ್ಯಾಕ್ಟರ್, ಅಂದರೆ ಎಳೆದ ಒಟ್ಟು ವಿದ್ಯುತ್ತಿನಲ್ಲಿ ಕೆಲಸಕ್ಕೆ ಬಂದ ಪಾಲು. ಈಗ ನಿಮ್ಮ 70 ಕಿಲೋವ್ಯಾಟ್ ಲೋಡ್ 0.95ರಲ್ಲಿ ಓಡುತ್ತಿದೆ ಎಂದುಕೊಳ್ಳಿ. ಆಗ ಗ್ರಿಡ್ಡಿನಿಂದ 23 ಕೆವಿಎಆರ್ ರಿಯಾಕ್ಟಿವ್ (ಮೋಟಾರಿನ ಕಾಂತಕ್ಷೇತ್ರಕ್ಕೆ ಬೇಕಾದ, ಕೆಲಸ ಮಾಡದ ವಿದ್ಯುತ್) ಬರುತ್ತಿರುತ್ತದೆ. ಮಧ್ಯಾಹ್ನ ಸೋಲಾರ್ 45 ಕಿಲೋವ್ಯಾಟ್ ಕೊಟ್ಟರೆ ಗ್ರಿಡ್ಡಿನಿಂದ ಬರುವುದು ಬರೀ 25, ಆದರೆ 23 ಕೆವಿಎಆರ್ ಹಾಗೇ ಇರುತ್ತದೆ. ಮೀಟರಿಗೆ ಕಾಣುವ ಪವರ್ ಫ್ಯಾಕ್ಟರ್ 0.74. ಯೂನಿಟ್ ಕಡಿಮೆ ಆಯಿತೆಂದು ಖುಷಿಪಡುವ ಹೊತ್ತಿಗೆ ಬಿಲ್ಲಿನಲ್ಲಿ ದಂಡದ ಸಾಲು ಕಾಣಿಸುತ್ತದೆ. ಎಪಿಎಫ್‌ಸಿ ಪ್ಯಾನೆಲಿನ (ಕೆಪಾಸಿಟರ್ ಸೇರಿಸಿ ಪವರ್ ಫ್ಯಾಕ್ಟರನ್ನು ತಾನಾಗಿ ಸರಿಪಡಿಸುವ ಪೆಟ್ಟಿಗೆ) ಸಿಟಿ, ಅಂದರೆ ಕರೆಂಟು ಅಳೆಯುವ ಸುರುಳಿ, ಗ್ರಿಡ್ ಒಳಬರುವ ಜಾಗದಲ್ಲಿರಬೇಕು. ಅದು ಮೋಟಾರುಗಳ ಕಡೆಗಿದ್ದರೆ ಸದಾ 0.95 ನೋಡುತ್ತಾ ಸುಮ್ಮನೆ ಕೂರುತ್ತದೆ. ಇನ್ನು 15 ಕೆವಿಎಆರ್ ಕೆಪಾಸಿಟರ್ ಬೇಕು, ಅದೂ 2, 3, 5ರ ಸಣ್ಣ ಹಂತಗಳಲ್ಲಿ. ಇನ್‌ವರ್ಟರಿನಿಂದಲೇ ರಿಯಾಕ್ಟಿವ್ ಕೊಡಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ಬಳಸಬಹುದು.

ಕೊನೆಗೆ, ಬೆಳಿಗ್ಗೆ ಏಳಕ್ಕೆ 'ಇನ್ಸುಲೇಶನ್ ಲೋ' ಎಂದು ನಿಂತು ಹತ್ತು ಗಂಟೆಗೆ ತಾನೇ ಸರಿಹೋಗುವ ದೋಷ. ಕರಾವಳಿಯಲ್ಲಿ ಇದು ಬಹಳ ಸಾಮಾನ್ಯ. ಉಪ್ಪಿನ ಪದರದ ಮೇಲೆ ಇಬ್ಬನಿ ಕೂತು ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಮಧ್ಯಾಹ್ನ ಬಂದು ಪರೀಕ್ಷಿಸುವ ಟೆಕ್ನಿಷಿಯನ್ ಎಲ್ಲ ಸರಿಯಿದೆ ಎಂದು ಹೋಗುತ್ತಾರೆ. ಇಬ್ಬನಿ ಇರುವಾಗಲೇ, ಒಂದೊಂದು ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲುಗಳ ಸರಣಿ) ಬಿಚ್ಚಿ 1,000 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಯಬೇಕು. ಭೂಮಿಗೆ 1 ಮೆಗಾಓಮ್ ಕೆಳಗಿದ್ದ ಸ್ಟ್ರಿಂಗಿನಲ್ಲೇ ದೋಷ. ಹೆಚ್ಚಿನ ಸಲ ಅದು ತಾರಸಿಗೆ ತಾಗಿ ಬಿದ್ದ ಎಂಸಿ4 ಕನೆಕ್ಟರ್, ಅಥವಾ ಎರಡು ಬೇರೆ ಕಂಪನಿಯ ಗಂಡು-ಹೆಣ್ಣು ಕನೆಕ್ಟರನ್ನು ಸೇರಿಸಿದ ಜಾಗ. ನೈಲಾನ್ ಟೈ ಬಿಸಿಲಿಗೆ ತುಂಡಾಗಿ ಕೇಬಲ್ ಕೆಳಗೆ ಬೀಳುತ್ತದೆ, ಪ್ಲಾಸ್ಟಿಕ್ ಹೊದಿಕೆಯ ಸ್ಟೇನ್‌ಲೆಸ್ ಟೈ ಹಾಕಿಸಿ. ಕೇಬಲ್ ತವರ ಲೇಪಿತ ತಾಮ್ರದ್ದೇ ಆಗಿರಲಿ.

ಅಳಿವೆ ಬಾಗಿಲು (ಉತ್ತರ)

ಗಾಳಿಯಂತ್ರದ ಪ್ರಶ್ನೆಗೆ ಉತ್ತರ ಚಿಕ್ಕದು: ಬೇಡ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಸೆಕೆಂಡಿಗೆ 4 ಮೀಟರ್ ಗಾಳಿಗಿಂತ 6 ಮೀಟರ್ ಗಾಳಿಯಲ್ಲಿ ಮೂರು ಪಟ್ಟಿಗೂ ಹೆಚ್ಚು ಶಕ್ತಿ. ನಮ್ಮಲ್ಲಿ ಜೋರು ಗಾಳಿ ಇರುವುದು ಮಳೆಗಾಲದಲ್ಲಿ, ಆಗ ನಿಮ್ಮ ಪ್ಲಾಂಟೇ ನಿಂತಿರುತ್ತದೆ. ಉಳಿದ ದಿನಗಳ ಮಧ್ಯಾಹ್ನದ ಕಡಲಗಾಳಿ ಕಟ್ಟಡ, ತೆಂಗಿನ ಮರಗಳಿಗೆ ತಾಗಿ ಸುಳಿಯಾಗುತ್ತದೆ. ದೇಶದಲ್ಲಿ ಕಡಲೊಳಗಿನ ಗಾಳಿ ವಿದ್ಯುತ್ತಿಗೆ ಕೇಂದ್ರ ಗುರುತಿಸಿರುವುದೂ ಗುಜರಾತ್ ಮತ್ತು ತಮಿಳುನಾಡಿನ ತೀರಗಳನ್ನು. ಉಬ್ಬರವಿಳಿತದ ವಿದ್ಯುತ್ತಿಗೆ ಖಂಭಾತ್, ಕಚ್ಛ್ ಕೊಲ್ಲಿಗಳಷ್ಟು ಏರಿಳಿತ ಇಲ್ಲಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಈ ಪ್ಯಾನೆಲ್ 25 ವರ್ಷ ಇರಬೇಕು. ಅಷ್ಟು ವರ್ಷ ಬಂದರು ಈಗಿನ ಹಾಗೇ ಇರುತ್ತದೆಂದು ಲೆಕ್ಕ ಹಾಕಬೇಡಿ. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಬಲವಾದ ಚಂಡಮಾರುತಗಳು ಹೆಚ್ಚಿವೆ. 2021ರ ಮೇಯಲ್ಲಿ ತೌಕ್ತೆ ನಮ್ಮ ತೀರದುದ್ದಕ್ಕೂ ಕಡಲ್ಕೊರೆತ ಮಾಡಿಕೊಂಡೇ ಹೋಯಿತು. ಕಟ್ಟಡದ ಮೇಲಿನ ಗಾಳಿ ಲೆಕ್ಕದ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಆ ವೇಗದಲ್ಲಿ ಚದರ ಮೀಟರಿಗೆ 93 ಕೆ.ಜಿ. ಒತ್ತಡ, ನಿಮ್ಮ ಒಂದೊಂದು ಪ್ಯಾನೆಲಿಗೆ 240 ಕೆ.ಜಿ. ಛಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಮೇಲಕ್ಕೆಳೆಯುವ ಸೆಳೆತ ಇನ್ನೂ ಹೆಚ್ಚು. ಆದ್ದರಿಂದ ಅಂಚಿನಿಂದ ಒಂದು ಮೀಟರ್ ಬಿಡಿ, ಓರೆ 10 ಡಿಗ್ರಿ ಸಾಕು, ಆರಡಿ ಎತ್ತರದ ಸ್ಟ್ರಕ್ಚರ್ ಬೇಡ. ಸಿಮೆಂಟ್ ಬ್ಲಾಕನ್ನು ತಾರಸಿಯ ಮೇಲೆ ಸುಮ್ಮನೆ ಇಟ್ಟು ಅದರ ಭಾರವನ್ನೇ ನೆಚ್ಚುವ ಪದ್ಧತಿ ಬಂದರಿಗೆ ಹೇಳಿದ್ದಲ್ಲ. ಇಂಜಿನಿಯರ್ ಸಹಿ ಮಾಡಿದ ಗಾಳಿ ಲೆಕ್ಕದ ಹಾಳೆ ಇಲ್ಲದೆ ಮುಂಗಡ ಕೊಡಬೇಡಿ.

ನೀರಿನ ಮಟ್ಟವನ್ನೂ ನೋಡಿ. 2020ರ ಸೆಪ್ಟೆಂಬರ್ 20ರ ಉಡುಪಿ ನೆರೆಯಲ್ಲಿ ನಿಮ್ಮ ಅಂಗಳಕ್ಕೆ ನೀರು ಎಲ್ಲಿಯವರೆಗೆ ಬಂದಿತ್ತೋ ಆ ಗುರುತಿನಿಂದ ಒಂದು ಮೀಟರ್ ಮೇಲೆ ಇನ್‌ವರ್ಟರ್, ಎಸಿ ಬೋರ್ಡು ಎರಡೂ ಇರಲಿ. ಹೊಳೆಯಲ್ಲಿ ಭಾರೀ ಮಳೆಯ ನೀರು ಇಳಿಯುವ ಹೊತ್ತಿಗೇ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಸೇರಿದರೆ ನೀರು ಹೊರಹೋಗಲು ದಾರಿ ಇರುವುದಿಲ್ಲ. ಅಳಿವೆಯಲ್ಲಿ (ಹೊಳೆ ಕಡಲು ಸೇರುವ ಬಾಯಿ) ಹೂಳು ತುಂಬಿದ ವರ್ಷ ಇನ್ನೂ ಕಷ್ಟ.

ಮೀನಿನ ಲೆಕ್ಕವೂ ಇದಕ್ಕೆ ಸೇರಿದ್ದೇ. ಬೂತಾಯಿ (ಸಾರ್ಡೀನ್ ಮೀನು) ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ಪಕ್ಕದ ಕೇರಳದ ಹಿಡಿತದ ಬಗ್ಗೆ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಅಂಕಿ ನೋಡಿ: 2012ರಲ್ಲಿ ಸುಮಾರು 3.9 ಲಕ್ಷ ಟನ್, 2021ರಲ್ಲಿ 3,297 ಟನ್. ನೀರಿನ ಬಿಸಿ, ಮಳೆಯ ಏರುಪೇರು, ಮರಿಮೀನಿನ ಹಿಡಿತ ಎಲ್ಲವೂ ಸೇರಿ ಆಗುವ ಕುಸಿತ ಇದು. ಬೂತಾಯಿ, ಬಂಗುಡೆ ಕೈಕೊಟ್ಟ ವರ್ಷ ನೀವು 25 ಟನ್ ಅಲ್ಲ, 12 ಟನ್ನಿಗೆ ಇಳಿಯಬಹುದು. ಆಗಿನ ಸರಾಸರಿ ಲೋಡ್ 33 ಕಿಲೋವ್ಯಾಟ್. ಹೊರಗೆ ಕಳಿಸುವ ಅನುಮತಿ ಇಲ್ಲದಿದ್ದರೆ ಮಧ್ಯಾಹ್ನದ ಇಳುವರಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಸುಮ್ಮನೆ ಹೋಗುತ್ತದೆ. ನನ್ನ ಸಲಹೆ: ಈಗ 40 ಹಾಕಿ, ಸ್ಟ್ರಕ್ಚರಿನ ಜಾಗ ಮತ್ತು ಕೇಬಲ್ ದಪ್ಪವನ್ನು 60ಕ್ಕೆ ತಕ್ಕಂತೆ ಇಡಿ. ಎರಡು ಋತುವಿನ ಬಿಲ್ಲು ನೋಡಿ ಉಳಿದದ್ದು ಸೇರಿಸಿ.

ಕಂಪ್ರೆಸರ್ ಮನೆ

ಅಳಿವೆ ಬಾಗಿಲು ಅವರ ಮಾತಿಗೆ ಒಂದು ತಿದ್ದುಪಡಿ. 12 ಟನ್ನಿನ ದಿನಗಳಲ್ಲಿ 24 ಗಂಟೆ ಓಡಿಸುವ ಅಗತ್ಯವಿಲ್ಲ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಕಂಪ್ರೆಸರ್ ಪೂರ್ತಿ ಲೋಡಿನಲ್ಲಿರಲಿ, ರಾತ್ರಿ ಬ್ರೈನ್ ಕಲಕುವ ಆ್ಯಜಿಟೇಟರ್ ಓಡುತ್ತಿರಲಿ, ಕಂಪ್ರೆಸರ್ ಬೇಕಾದಷ್ಟು ಹೊತ್ತು ಮಾತ್ರ. ಹಾಗೆ ಮಾಡಿದರೆ 60 ಆದರೂ ನಷ್ಟವಿಲ್ಲ. ಆದರೆ ಕ್ಯಾನ್ ತೆಗೆಯುವ ಹುಡುಗರ ಪಾಳಿಯೂ ಅದಕ್ಕೆ ತಕ್ಕಂತೆ ಬದಲಾಗಬೇಕು, ಅದು ಆಗುತ್ತದೆ ಎಂಬ ಧೈರ್ಯ ಇದ್ದರೆ ಮಾತ್ರ.

ಮಲ್ಪೆ ಐಸ್

40ರಿಂದ ಶುರು ಮಾಡುವುದು ಮನಸ್ಸಿಗೆ ಹಿಡಿಸಿತು. ತಾರಸಿಯಲ್ಲೇ ಅಷ್ಟು ಜಾಗ ಇದೆ. ಮುಂದೆ ಸಿಮೆಂಟ್ ಶೀಟಿನ ಮೇಲೂ ಹಾಕಬಹುದೇ? ಮತ್ತೆ ಹರಾಜು ಕಟ್ಟೆ ಹತ್ತಿರ ಇರುವುದರಿಂದ ಹದ್ದು, ಕಾಗೆ ವಿಪರೀತ.

ಉಪ್ಪುಗಾಳಿ

ಸಿಮೆಂಟ್ ಶೀಟಿನ ಮೇಲೆ ಬೇಡ. ಅದು ಹತ್ತಿ ನಡೆಯುವ ವಸ್ತುವಲ್ಲ, ಕಾಲಿಟ್ಟರೆ ಒಡೆದು ಕೆಳಗೆ ಬೀಳುತ್ತಾರೆ. ಹಳೆಯ ಶೀಟು ಕಲ್ನಾರಿನದಾದರೆ ತೂತು ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಮುಂದೆ ಬೇಕಾದಾಗ ಆ ಭಾಗಕ್ಕೆ ಬಣ್ಣದ ಅಲ್ಯೂಮಿನಿಯಂ ಶೀಟು ಹಾಕಿಸಿ, ಪ್ಯಾನೆಲ್ ಮತ್ತು ರೈಲು ಸೇರಿ ಚದರ ಮೀಟರಿಗೆ 15 ಕೆ.ಜಿ. ಹೆಚ್ಚು ಭಾರವನ್ನು ಅಡಿಯ ಪರ್ಲಿನ್ (ಶೀಟು ಹೊರುವ ಅಡ್ಡತೊಲೆ) ತಡೆಯುತ್ತದೆಯೇ ನೋಡಿಸಿ. ಪರ್ಲಿನ್ ತುಕ್ಕು ಹಿಡಿದಿರುವುದು ಕೆಳಗಿನಿಂದ ಕಾಣುವುದಿಲ್ಲ, ಶೀಟು ಕೂರುವ ಮೇಲ್ಮುಖದಲ್ಲೇ ಅದು ಮೊದಲು ಶುರುವಾಗುವುದು.

ಹಕ್ಕಿಗಳು: ಹದ್ದು ಕೂರುವುದು ಪ್ಯಾನೆಲ್ ಸಾಲಿನ ಮೇಲಂಚಿನಲ್ಲಿ. ಅಂಚಿಗಿಂತ ಒಂದು ಗೇಣು ಮೇಲೆ ಸ್ಟೇನ್‌ಲೆಸ್ ತಂತಿ ಬಿಗಿದರೆ ಕಾಲೂರಲು ಆಗುವುದಿಲ್ಲ. ತಂತಿಯ ಕಂಬದ ನೆರಳು ಪ್ಯಾನೆಲಿನ ಮೇಲೆ ಬೀಳದಂತೆ ಉತ್ತರ ಬದಿಯಲ್ಲಿರಲಿ. ಮೀನು ತಿಂದ ಹಕ್ಕಿಯ ಹಿಕ್ಕೆ ಮಳೆಗೂ ಹೋಗುವುದಿಲ್ಲ, ಸುಣ್ಣದಂತೆ ಕಚ್ಚಿಕೊಳ್ಳುತ್ತದೆ. ಮುಚ್ಚಿಹೋದ ಒಂದು ಸೆಲ್ಲು ಕರೆಂಟು ಕೊಡುವ ಬದಲು ತಿಂದು ಬಿಸಿಯಾಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಆ ಜಾಗ ಕಂದು ಬಣ್ಣಕ್ಕೆ ತಿರುಗಿ ಸುಡುತ್ತದೆ. ಬ್ಲೇಡು, ಆ್ಯಸಿಡ್ ಯಾವುದೂ ತಾಗಿಸಬೇಡಿ. ಒದ್ದೆ ಗೋಣಿಯನ್ನು ಅದರ ಮೇಲೆ ಕಾಲು ಗಂಟೆ ಹಾಸಿಟ್ಟು, ಮೆತ್ತಗಾದ ಮೇಲೆ ಮೃದು ಬ್ರಷ್ಷಿನಲ್ಲಿ ಉಜ್ಜಿ.

ತೊಳೆಯುವುದು ನವೆಂಬರಿನಿಂದ ಮೇವರೆಗೆ 10, 15 ದಿನಕ್ಕೊಮ್ಮೆ, ಬೆಳಿಗ್ಗೆ ಎಂಟರೊಳಗೆ. ಕಾದ ಗಾಜಿಗೆ ತಣ್ಣೀರು ಬೀಳಬಾರದು. ಪ್ಯಾನೆಲಿಗೆ 2 ಲೀಟರ್ ಸಾಕು. ಬಾವಿ ನೀರು ಏಪ್ರಿಲ್, ಮೇಯಲ್ಲಿ ಉಪ್ಪಾಗುತ್ತದೆ. ಅದನ್ನು ಹಾಕಿದರೆ ಒಣಗಿದ ಮೇಲೆ ಗಾಜಿನ ಮೇಲೆ ಉಪ್ಪಿನದೇ ಪದರ ಕಟ್ಟುತ್ತದೆ. ಐಸ್ ಕ್ಯಾನಿಗೆ ತುಂಬುವ ಸಿಹಿನೀರನ್ನೇ ಬಳಸಿ.

ಪ್ಯಾನೆಲಿನ ಅಡಿಭಾಗ ಮರೆಯಬೇಡಿ. ಮೇಲಿನ ಉಪ್ಪನ್ನು ಮಳೆ ತೊಳೆಯುತ್ತದೆ, ಅಡಿಯ ರೈಲು, ಕ್ಲ್ಯಾಂಪು, ಬೋಲ್ಟಿಗೆ ಮಳೆ ತಾಗುವುದೇ ಇಲ್ಲ. ತುಕ್ಕು ಮೊದಲು ಕಾಣುವುದು ಅಲ್ಲೇ. ಜನವರಿಯಲ್ಲೊಮ್ಮೆ, ಮೇ ಕೊನೆಗೊಮ್ಮೆ ಇನ್‌ವರ್ಟರ್ ಆಫ್ ಮಾಡಿ, ಡಿಸಿ ಐಸೊಲೇಟರ್ ತೆಗೆದು, ಕಡಿಮೆ ಒತ್ತಡದ ಪೈಪಿನಲ್ಲಿ ಅಡಿಯಿಂದ ಸಿಹಿನೀರು ಹಾಯಿಸಿ. ಐಸೊಲೇಟರ್ ತೆಗೆದರೂ ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ ಕಡೆಯ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಆದ್ದರಿಂದ ಸೂರ್ಯ ಹುಟ್ಟುವ ಮೊದಲೇ ಆ ಕೆಲಸ ಮುಗಿಯಲಿ. ಕನೆಕ್ಟರುಗಳಿಗೆ ನೇರ ನೀರು ಹಿಡಿಯಬಾರದು. ತೊಳೆದ ಮೇಲೆ ಹತ್ತು ಬೋಲ್ಟುಗಳನ್ನು ಅಲ್ಲಲ್ಲಿ ಆರಿಸಿ ಟಾರ್ಕ್ ಸ್ಪ್ಯಾನರ್ ಹಾಕಿ ನೋಡಿ. ಒಂದು ಸಡಿಲ ಸಿಕ್ಕಿದರೂ ಆ ಸಾಲನ್ನು ಪೂರ್ತಿ ಬಿಗಿದು, ಮಾರ್ಕರಿನಲ್ಲಿ ನಟ್ಟಿನಿಂದ ರೈಲಿಗೆ ಒಂದು ಗೆರೆ ಎಳೆದಿಡಿ. ಮುಂದಿನ ಸಲ ಗೆರೆ ತಪ್ಪಿದ್ದರೆ ದೂರದಿಂದಲೇ ಗೊತ್ತಾಗುತ್ತದೆ.